69 ದಿನದ ಗಡುವು: ಡರ್ಬಿಯ ಅರ್ಲ್ ರಾಬರ್ಟ್ ಡಿ ಫೆರರ್ಸ್ ಮನೆತನದ ಆಸ್ತಿ ಹೋದ ಪ್ರಕರಣ

1269ರ ಮೇ 1. ಇಂಗ್ಲೆಂಡಿನ ವಿಂಡ್ಸರ್ ಕೋಟೆ. ಮೂರು ವರ್ಷದಿಂದ ಸೆರೆಯಲ್ಲಿದ್ದ ಒಬ್ಬನನ್ನು ರಾಜನ ಸಭೆಯ ಮುಂದೆ ತಂದು ನಿಲ್ಲಿಸಿದರು. ವಯಸ್ಸು ಮೂವತ್ತರ ಆಸುಪಾಸು. ಹೆಸರು ರಾಬರ್ಟ್ ಡಿ ಫೆರರ್ಸ್, ಡರ್ಬಿಯ ಅರ್ಲ್. ಅರ್ಲ್ ಅಂದರೆ ಆಗಿನ ಇಂಗ್ಲೆಂಡಿನಲ್ಲಿ ರಾಜಮನೆತನ ಬಿಟ್ಟರೆ ಅದಕ್ಕಿಂತ ದೊಡ್ಡ ಪದವಿ ಇರಲಿಲ್ಲ. ಅವನ ಮುಂದೆ ಇಟ್ಟ ಷರತ್ತು ಇಷ್ಟು: ಜಮೀನು ವಾಪಸ್ ಬೇಕಾದರೆ ರಾಜನ ಕಿರಿಯ ಮಗ ಎಡ್ಮಂಡನಿಗೆ 50,000 ಪೌಂಡ್ ಕೊಡಬೇಕು. ಕಂತಿಲ್ಲ. ಒಂದೇ ದಿನ, ಒಂದೇ ಗಂಟಿನಲ್ಲಿ, ಜುಲೈ 9ಕ್ಕೆ.

ಅವನು ಒಪ್ಪಿದ. ಸೆರೆಯಲ್ಲಿ ಇದ್ದವನು ಇನ್ನೇನು ಮಾಡಬೇಕಿತ್ತು?

50,000 ಪೌಂಡ್ ಅಂದರೆ ಎಷ್ಟು ಅಂತ ಸ್ವಲ್ಪ ನೋಡೋಣ. ಆಗ ಪೌಂಡ್ ಅನ್ನೋ ನಾಣ್ಯವೇ ಇರಲಿಲ್ಲ. ಅದು ಬರೀ ಲೆಕ್ಕ, 240 ಪೆನ್ನಿಗೆ ಒಂದು ಪೌಂಡ್ ಅಂತ. ಜನರ ಕೈಯಲ್ಲಿ ಓಡಾಡುತ್ತಿದ್ದದ್ದು ಬೆಳ್ಳಿ ಪೆನ್ನಿ, ಚಿಲ್ಲರೆ ಬೇಕಾದರೆ ಅದನ್ನೇ ಕತ್ತರಿಸಿ ಅರ್ಧ, ಕಾಲು ಮಾಡಿಕೊಳ್ಳುತ್ತಿದ್ದರು. ಹಾಗೆ ನೋಡಿದರೆ 50,000 ಪೌಂಡ್ ಅಂದರೆ 1 ಕೋಟಿ 20 ಲಕ್ಷ ಪೆನ್ನಿ. ಒಂದು ಪೆನ್ನಿ ಸುಮಾರು 1.4 ಗ್ರಾಂ ತೂಗುತ್ತಿತ್ತು. ಒಟ್ಟು ಹದಿನಾರು-ಹದಿನೇಳು ಟನ್ ಬೆಳ್ಳಿ! ಇಂಗ್ಲೆಂಡಿನ ರಾಜನಿಗೇ ವರ್ಷಕ್ಕೆ ಅಷ್ಟು ಮಾಮೂಲಿ ಆದಾಯ ಬರುತ್ತಿರಲಿಲ್ಲ. ಜೈಲಿನಲ್ಲಿರುವ, ಜಮೀನೆಲ್ಲ ಬೇರೆಯವರ ಕೈಯಲ್ಲಿರುವ ಮನುಷ್ಯ ಅದನ್ನು 69 ದಿನದಲ್ಲಿ ತರಬೇಕು.

ಈ ಪ್ರಕರಣ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಫೆರರ್ಸ್ ಅಮಾಯಕ ಅಂತ ಅಲ್ಲ. ಅವನು ದಂಗೆ ಎದ್ದದ್ದು ನಿಜ, ಒಂದು ಸಲ ಕ್ಷಮೆ ಸಿಕ್ಕ ಮೇಲೆ ಮತ್ತೆ ಎದ್ದದ್ದೂ ನಿಜ. ಆದರೆ ಆಸ್ತಿ ಶಾಶ್ವತವಾಗಿ ಹೋಗಿದ್ದು ದಂಗೆಯ ತಪ್ಪಿಗಲ್ಲ. ಅದು ಹೋಗಿದ್ದು ಒಂದು ಮುಚ್ಚಳಿಕೆಯಿಂದ. ಈ ವ್ಯತ್ಯಾಸ ಹಿಡಿದುಕೊಂಡು ನೋಡಿದರೆ ಮಾತ್ರ ಇಡೀ ಕಥೆ ಅರ್ಥವಾಗುತ್ತದೆ.

ಮೊದಲು ಅವನ ಹಿನ್ನೆಲೆ. ರಾಬರ್ಟ್ ಹುಟ್ಟಿದ್ದು ಸುಮಾರು 1239ರಲ್ಲಿ. ಸ್ಟಾಫರ್ಡ್‌ಶೈರ್‌ನ ಟಟ್‌ಬರಿ ಕೋಟೆ ಅವನ ಮನೆತನದ ಮೂಲಸ್ಥಾನ, ಡವ್ ನದಿಯ ಪಕ್ಕದ ದಿಬ್ಬದ ಮೇಲೆ ಇದೆ. ಸುತ್ತಲಿನ ಸ್ಟಾಫರ್ಡ್‌ಶೈರ್, ಡರ್ಬಿಶೈರ್ ತುಂಬ ಅವರ ಜಮೀನು. ಹತ್ತು ವರ್ಷದ ಹುಡುಗನಾಗಿದ್ದಾಗಲೇ, 1249ರಲ್ಲಿ, ಅವನಿಗೆ ಮದುವೆ ಮಾಡಿದರು. ಹುಡುಗಿ ಮೇರಿಗೆ ಏಳು ವರ್ಷ, ರಾಜ 3ನೇ ಹೆನ್ರಿಯ ಸಂಬಂಧಿ. 1254ರಲ್ಲಿ ಅಪ್ಪ ತೀರಿಕೊಂಡ. ಆಗ ರಾಬರ್ಟ್‌ಗೆ ಸುಮಾರು ಹದಿನೈದು.

ಆಗಿನ ಪದ್ಧತಿ ಹೀಗಿತ್ತು. ದೊಡ್ಡ ಜಮೀನ್ದಾರ ಸತ್ತು ಮಗ ಇನ್ನೂ ಚಿಕ್ಕವನಾಗಿದ್ದರೆ, ಅವನು ದೊಡ್ಡವನಾಗುವ ತನಕ ಜಮೀನೂ ಹುಡುಗನೂ ರಾಜನ ವಶ. ಅಷ್ಟು ವರ್ಷದ ಆದಾಯ ಪಾಲಕನ ಜೇಬಿಗೆ. ಈ ಪಾಲಕತ್ವವನ್ನು ರಾಜ ಯಾರಿಗೆ ಬೇಕಾದರೂ ಕೊಡಬಹುದಿತ್ತು, ಅವರು ಅದನ್ನು ಮಾರಿಕೊಳ್ಳಲೂಬಹುದಿತ್ತು. ಫೆರರ್ಸ್ ಆಸ್ತಿ ರಾಜನ ಹಿರಿಯ ಮಗ ಎಡ್ವರ್ಡ್‌ಗೆ ಸಿಕ್ಕಿತು. ಅವನು 1257ರಲ್ಲಿ ಅದನ್ನು ತನ್ನ ತಾಯಿ ರಾಣಿ ಎಲಿನರ್ ಮತ್ತು ಅವಳ ಕಡೆಯ ಪೀಟರ್ ಆಫ್ ಸವಾಯ್‌ಗೆ 6000 ಮಾರ್ಕಿಗೆ ಮಾರಿದ. ಒಂದು ಮಾರ್ಕ್ ಅಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು, ಹಾಗಾಗಿ ಒಟ್ಟು 4000 ಪೌಂಡ್. ತನ್ನ ಅಪ್ಪನ ಜಮೀನು ಕೈಯಿಂದ ಕೈಗೆ ಮಾರಾಟವಾಗುವುದನ್ನು ಹುಡುಗ ಸುಮ್ನೆ ನೋಡುತ್ತಾ ಬೆಳೆದ. ಮುಂದೆ ಎಡ್ವರ್ಡ್ ಮೇಲೆ ಅವನಿಗಿದ್ದ ಹಗೆಗೆ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

1260ರಲ್ಲಿ ಆಸ್ತಿ ಕೈಗೆ ಬಂತು. ಪೂರ್ತಿ ಬರಲಿಲ್ಲ. ಅಲ್ಲಿಯ ಕಾನೂನಿನಂತೆ ಗಂಡ ಸತ್ತ ಹೆಂಡತಿಗೆ ಅವನ ಜಮೀನಿನಲ್ಲಿ ಮೂರನೇ ಒಂದು ಪಾಲು ಜೀವನ ಪೂರ್ತಿ ಸೇರುತ್ತಿತ್ತು. ತಾಯಿ ಮಾರ್ಗರೆಟ್ ಡಿ ಕ್ವಿನ್ಸಿ ಗಟ್ಟಿ ಹೆಂಗಸು, ಬದುಕಿದ್ದಳು, ತನ್ನ ಪಾಲು ತಾನು ಹಿಡಿದುಕೊಂಡಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ, ಹೆಂಗಸರ ಪಾಲಿನ ವಿಷಯ ಕೊನೆಯಲ್ಲಿ ಮತ್ತೆ ಬರುತ್ತದೆ.

ಇನ್ನು ದಂಗೆ. ಸೈಮನ್ ಡಿ ಮಾಂಟ್‌ಫರ್ಟ್ ಅನ್ನುವ ಅರ್ಲ್, ರಾಜ ತನ್ನಿಷ್ಟದಂತೆ ಆಳಬಾರದು, ಸಭೆಯ ಮಾತು ಕೇಳಬೇಕು ಅಂತ ದೊಡ್ಡ ಪಕ್ಷ ಕಟ್ಟಿದ್ದ. ಫೆರರ್ಸ್ ಆ ಕಡೆ ಸೇರಿದ. ಆದರೆ ತತ್ವಕ್ಕಾಗಿ ಸೇರಿದ ಅಂತ ಹೇಳಲು ನನಗೆ ಮನಸ್ಸಿಲ್ಲ. ಅವನು ಎಲ್ಲಿ ಹೋದರೂ ಮೊದಲು ಕೈ ಹಾಕಿದ್ದು ಎಡ್ವರ್ಡ್‌ನ ಕೋಟೆಗಳಿಗೆ. 1264ರ ಫೆಬ್ರವರಿಯಲ್ಲಿ ವೂಸ್ಟರ್ ಪಟ್ಟಣಕ್ಕೆ ನುಗ್ಗಿ ಅಲ್ಲಿಯ ಯಹೂದಿಗಳ ಮೇಲೆ ಬಿದ್ದ. ಜನ ಸತ್ತರು, ಮನೆಗಳು ಲೂಟಿಯಾದವು. ಅಲ್ಲಿಂದ ಅವನು ಹೊತ್ತುಕೊಂಡು ಹೋದ ಒಂದು ವಸ್ತುವಿನ ಬಗ್ಗೆ ಹೇಳಲೇಬೇಕು.

ಯಹೂದಿಗಳು ಕೊಟ್ಟ ಸಾಲದ ಪತ್ರಗಳನ್ನು ಇಡೋದಕ್ಕೆ ಊರಿನಲ್ಲಿ ಸರ್ಕಾರದ ಒಂದು ಪೆಟ್ಟಿಗೆ ಇರುತ್ತಿತ್ತು, ಹಲವು ಬೀಗದ್ದು. ಪತ್ರವನ್ನು ಒಂದೇ ತೊಗಲಿನ ಮೇಲೆ ಎರಡೆರಡು ಸಲ ಬರೆದು, ನಡುವೆ ಅಂಕುಡೊಂಕಾಗಿ ಕತ್ತರಿಸುತ್ತಿದ್ದರು. ಒಂದು ತುಂಡು ಪೆಟ್ಟಿಗೆಯಲ್ಲಿ ಇರುತ್ತಿತ್ತು. ತಕರಾರು ಬಂದಾಗ ಅಂಚಿಗೆ ಅಂಚು ಕೂಡಿಸಿ ನೋಡಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತಿತ್ತು. ಪೆಟ್ಟಿಗೆಯ ಪತ್ರ ಹೋದರೆ ಸಾಲ ಸಾಬೀತು ಮಾಡುವುದು ಕಷ್ಟ. ಫೆರರ್ಸ್ ಆ ಪತ್ರಗಳನ್ನೇ ಟಟ್‌ಬರಿಗೆ ಸಾಗಿಸಿದ. ಒಂದು ತುಂಡು ತೊಗಲಿನ ಮೇಲೆ ಬರೆದ ನಾಲ್ಕು ಸಾಲಿನ ಬೆಲೆ ಏನು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಐದು ವರ್ಷದ ನಂತರ ಅಂಥದ್ದೇ ಒಂದು ಪತ್ರ ಅವನ ಕುತ್ತಿಗೆಗೆ ಬಿತ್ತು.

ಎಡ್ವರ್ಡ್ ಸುಮ್ಮನಿರಲಿಲ್ಲ. ಅದೇ ವರ್ಷ ಫೆರರ್ಸ್ ಜಮೀನಿಗೆ ಬೆಂಕಿ ಹಾಕಿ, ಟಟ್‌ಬರಿ ಕೋಟೆಯನ್ನು ಕೆಡವಿಸಿದ. ಮೇ 14ರಂದು ಲೂಯಿಸ್ ಕಾಳಗದಲ್ಲಿ ಮಾಂಟ್‌ಫರ್ಟ್ ಗೆದ್ದು ರಾಜ, ರಾಜಕುಮಾರ ಇಬ್ಬರನ್ನೂ ಹಿಡಿದ. ಫೆರರ್ಸ್ ಆ ಕಾಳಗಕ್ಕೆ ಹೋಗಲೇ ಇಲ್ಲ, ಆದರೆ ಆಮೇಲೆ ಸಿಕ್ಕಿದ ಅವಕಾಶ ಬಳಸಿಕೊಂಡು ಪೀಕ್ ಕೋಟೆಯೂ ಸೇರಿ ಎಡ್ವರ್ಡ್‌ಗೆ ಸೇರಿದ್ದನ್ನೆಲ್ಲ ಬಾಚಿಕೊಳ್ಳಲು ಹೊರಟ. ಇದನ್ನು ನೋಡಿ ಮಾಂಟ್‌ಫರ್ಟ್‌ಗೇ ಸಿಟ್ಟು ಬಂತು. 1265ರ ಜನವರಿ ಪಾರ್ಲಿಮೆಂಟಿಗೆ ಕರೆಸಿ, ಲಂಡನ್ ಟವರ್‌ನಲ್ಲಿ ಕೂಡಿಹಾಕಿದ. ಹಾಗಾಗಿ ಆಗಸ್ಟ್ 4ರಂದು ಈವ್‌ಶಾಮ್‌ನಲ್ಲಿ ಮಾಂಟ್‌ಫರ್ಟ್ ಮತ್ತು ಅವನ ಕಡೆಯವರು ಹೆಣವಾಗಿ ಬಿದ್ದಾಗ ಫೆರರ್ಸ್ ಬದುಕಿ ಉಳಿದ. ದಂಗೆಕೋರರೇ ಹಾಕಿದ ಸೆರೆ ಅವನ ಜೀವ ಉಳಿಸಿತು.

ಈವ್‌ಶಾಮ್ ಆದ ಮೇಲೆ ನಡೆದದ್ದು ಬರೀ ಬಾಚುವ ಕೆಲಸ. ದಂಗೆಯಲ್ಲಿದ್ದ ಎಲ್ಲರ ಜಮೀನೂ ರಾಜನಿಗೆ ಅಂತ ಸೆಪ್ಟೆಂಬರ್‌ನಲ್ಲಿ ವಿಂಚೆಸ್ಟರ್‌ನಲ್ಲಿ ಸಾರಿದರು. ಆದರೆ ಫೆರರ್ಸ್‌ಗೆ ಡಿಸೆಂಬರ್‌ನಲ್ಲಿ ಕ್ಷಮೆ ಸಿಕ್ಕಿತು. ಬೆಲೆ 1500 ಮಾರ್ಕ್ ಮತ್ತು ಕಲ್ಲು ಕೂರಿಸಿದ ಒಂದು ಚಿನ್ನದ ಬಟ್ಟಲು. ಅಲ್ಲಿಗೆ ನಿಂತಿದ್ದರೆ ಎಲ್ಲ ಉಳಿಯುತ್ತಿತ್ತು. ಅವನು ನಿಲ್ಲಲಿಲ್ಲ. ಜಮೀನು ಕಳೆದುಕೊಂಡು ಕಾಡು ಸೇರಿದ್ದವರ ಜೊತೆ ಸೇರಿ 1266ರಲ್ಲಿ ಮತ್ತೆ ಎದ್ದ. ಮೇ 15ರಂದು ಚೆಸ್ಟರ್‌ಫೀಲ್ಡ್‌ನಲ್ಲಿ ರಾಜನ ತಮ್ಮನ ಮಗ ಹೆನ್ರಿ ಆಫ್ ಆಲ್ಮೇನ್‌ನ ಪಡೆ ಅವನನ್ನು ಹಿಡಿಯಿತು. ಚರ್ಚಿನಲ್ಲಿ ಉಣ್ಣೆ ಮೂಟೆಗಳ ನಡುವೆ ಅಡಗಿದ್ದ, ಒಬ್ಬ ಹೆಂಗಸು ತೋರಿಸಿಕೊಟ್ಟಳು ಅನ್ನೋ ಕಥೆ ಇದೆ. ಕಥೆಯ ಮಾತು ಬಿಡಿ, ಸಿಕ್ಕಿಬಿದ್ದದ್ದಂತೂ ಹೌದು. ವಿಂಡ್ಸರ್‌ಗೆ ಸಾಗಿಸಿದರು.

ಇಲ್ಲಿಂದ ಆಸ್ತಿಯ ವಿಷಯ ಶುರುವಾಗುತ್ತದೆ, ತಾರೀಕುಗಳನ್ನು ಸ್ವಲ್ಪ ಗಮನವಿಟ್ಟು ನೋಡಿ.

1266ರ ಜೂನ್ 28ರಂದು ರಾಜ ಫೆರರ್ಸ್ ಜಮೀನನ್ನು ಎಡ್ಮಂಡನಿಗೆ ಕೊಟ್ಟ. ಹಿಡಿದು ಒಂದೂವರೆ ತಿಂಗಳೂ ಆಗಿರಲಿಲ್ಲ. ಎಡ್ಮಂಡನಿಗೆ ಆಗ 21 ವರ್ಷ. ಹಿಂದಿನ ವರ್ಷವೇ ಸತ್ತ ಮಾಂಟ್‌ಫರ್ಟ್‌ನ ಲೆಸ್ಟರ್ ಆಸ್ತಿ ಅವನಿಗೆ ಸಿಕ್ಕಿತ್ತು. ಕಿರಿಯ ಮಗನಿಗೆ ರಾಜ್ಯ ಬರುವುದಿಲ್ಲ, ಅವನಿಗೊಂದು ನೆಲೆ ಮಾಡಬೇಕು ಅನ್ನುವ ಅಪ್ಪನ ಆಸೆ ಇದರಲ್ಲೆಲ್ಲ ಕಾಣುತ್ತದೆ.

ಆಮೇಲೆ ಅಕ್ಟೋಬರ್ 31ರಂದು ಕೆನಿಲ್‌ವರ್ತ್ ತೀರ್ಮಾನ ಹೊರಬಿತ್ತು. ಜಮೀನು ಕಿತ್ತುಕೊಂಡಿದ್ದರಿಂದ ದಂಗೆ ನಿಲ್ಲುವ ಬದಲು ಇನ್ನಷ್ಟು ಉರಿಯುತ್ತಿತ್ತು. ಕಳೆದುಕೊಳ್ಳಲು ಏನೂ ಇಲ್ಲದವನು ಶರಣಾಗುವುದಾದರೂ ಯಾಕೆ? ಹಾಗಾಗಿ ಬಿಷಪ್ಪರು, ದೊಡ್ಡ ಜಮೀನ್ದಾರರು ಸೇರಿದ ಹನ್ನೆರಡು ಜನ ಕೂತು ಒಂದು ದಾರಿ ಹುಡುಕಿದರು. ದಂಗೆಕೋರರ ಜಮೀನು ಶಾಶ್ವತವಾಗಿ ಕಿತ್ತುಕೊಳ್ಳುವುದು ಬೇಡ, ದುಡ್ಡು ಕೊಟ್ಟು ಬಿಡಿಸಿಕೊಳ್ಳಲಿ. ಯುದ್ಧ ಮಾಡಿದವರು ಜಮೀನಿನ ವರ್ಷದ ಆದಾಯದ ಐದು ಪಟ್ಟು ಕೊಡಬೇಕು, ಕೈವಾಡ ಕಡಿಮೆ ಇದ್ದವರು ಅದಕ್ಕಿಂತ ಕಡಿಮೆ. ಅರ್ಧ ಹಣ ಕೊಟ್ಟವನಿಗೆ ಅರ್ಧ ಜಮೀನು ಕೂಡಲೇ ವಾಪಸ್. ಹಣ ಹೊಂದಿಸಲು ಮೂರು ವರ್ಷದವರೆಗೆ ಸಮಯ.

ಫೆರರ್ಸ್? ಅವನಿಗೆ ಏಳು ಪಟ್ಟು. ಅಷ್ಟು ಭಾರದ ದರ ಬಿದ್ದವರು ತೀರಾ ಕಡಿಮೆ. ಆದರೆ ಗಮನಿಸಿ, ಅವನನ್ನು ಈ ತೀರ್ಮಾನದಿಂದ ಹೊರಗಿಡಲಿಲ್ಲ. ದುಬಾರಿಯಾದರೂ ಬಿಡಿಸಿಕೊಳ್ಳುವ ಹಕ್ಕು ಅವನಿಗೂ ಇತ್ತು. ಅವನ ಆಸ್ತಿಯ ವರ್ಷದ ಆದಾಯ ಸುಮಾರು 1500 ಪೌಂಡ್ ಅಂತ ಇತಿಹಾಸಕಾರರ ಅಂದಾಜು. ಏಳರಿಂದ ಗುಣಿಸಿದರೆ 10,500 ಪೌಂಡ್. ದೊಡ್ಡ ಮೊತ್ತವೇ, ಆದರೆ ಅಂಥ ಮನೆತನ ಕಾಡು ಮಾರಿ, ಹೊಲ ಗೇಣಿಗೆ ಕೊಟ್ಟು, ಸಾಲ ಎತ್ತಿ ಮೂರು ವರ್ಷದಲ್ಲಿ ಹೇಗೋ ಹೊಂದಿಸಬಹುದಾದ ಮೊತ್ತ.

ಎಡ್ಮಂಡನ ಕಡೆಯಿಂದ ಯೋಚಿಸಿ ನೋಡಿ. ಜಮೀನು ಕೈಗೆ ಬಂದು ನಾಲ್ಕು ತಿಂಗಳು. ಈಗ ಕಾನೂನು ಹೇಳುತ್ತಿದೆ, ಏಳು ವರ್ಷದ ಆದಾಯ ತೆಗೆದುಕೊಂಡು ವಾಪಸ್ ಕೊಡು ಅಂತ. ಫೆರರ್ಸ್ ಹೊರಗೆ ಬಂದರೆ ದುಡ್ಡು ತಂದುಬಿಡಬಹುದು. ಆದ್ದರಿಂದ ಅವನು ಹೊರಗೆ ಬರಲಿಲ್ಲ. 1266 ಕಳೆಯಿತು, 67 ಕಳೆಯಿತು, 68 ಕಳೆಯಿತು. ಉಳಿದ ದಂಗೆಕೋರರು ಒಬ್ಬೊಬ್ಬರಾಗಿ ದುಡ್ಡು ಕಟ್ಟಿ ಊರು ಸೇರುತ್ತಿದ್ದರು. 1267ರ ಮಾರ್ಲ್‌ಬರೋ ಶಾಸನ ಕೆನಿಲ್‌ವರ್ತ್ ತೀರ್ಮಾನವನ್ನು ಎತ್ತಿಹಿಡಿಯಿತು. ಫೆರರ್ಸ್ ಮಾತ್ರ ಒಳಗೇ. ಕಾನೂನು ಕೊಟ್ಟ ಹಕ್ಕು ಹೊರಗೆ ಇತ್ತು, ಹಕ್ಕುದಾರ ಒಳಗೆ ಇದ್ದ.

ಈಗ ಮತ್ತೆ 1269ರ ಮೇ 1ಕ್ಕೆ ಬರೋಣ. ಆ ದಿನ ಕಟ್ಟಿದ ವ್ಯವಸ್ಥೆಯಲ್ಲಿ ಹನ್ನೊಂದು ಜನ ಜಾಮೀನುದಾರರು ಇದ್ದರು. ಫೆರರ್ಸ್ ಪರವಾಗಿ ಎಡ್ಮಂಡನಿಗೆ 50,000 ಪೌಂಡಿಗೆ ಹೊಣೆ ನಿಂತವರು ಇವರು. ಯಾರು ಅಂತ ನೋಡಿ. ಅವನನ್ನು ಚೆಸ್ಟರ್‌ಫೀಲ್ಡ್‌ನಲ್ಲಿ ಹಿಡಿದ ಹೆನ್ರಿ ಆಫ್ ಆಲ್ಮೇನ್. ರಾಜನ ತಾಯಿಯ ಕಡೆಯ ತಮ್ಮ ವಿಲಿಯಂ ಡಿ ವೇಲೆನ್ಸ್. ಸರ್ರೆ ಪ್ರಾಂತ್ಯದ ಅರ್ಲ್ ಜಾನ್ ಡಿ ವಾರೆನ್. ರಾಜನ ಆಪ್ತ ರಾಬರ್ಟ್ ವಾಲ್‌ರಂಡ್. ರೋಜರ್ ಡಿ ಕ್ಲಿಫರ್ಡ್. ಅಂದರೆ ಹೆಚ್ಚಿನವರು ಎದುರು ಪಕ್ಷದವರೇ. ನಿಮ್ಮನ್ನು ಹಿಡಿದುಕೊಟ್ಟವನೇ ನಿಮಗೆ ಜಾಮೀನು ನಿಲ್ಲುತ್ತಾನೆ ಅಂದರೆ ಅದು ಎಂಥ ಜಾಮೀನು?

ಅಷ್ಟು ದೊಡ್ಡ ಮೊತ್ತಕ್ಕೆ ಬುದ್ಧಿ ಇರುವ ಯಾರೂ ಹೊಣೆ ನಿಲ್ಲುವುದಿಲ್ಲ. ಇವರು ನಿಂತರು, ಯಾಕಂದರೆ ಒಂದು ಪೆನ್ನಿಯೂ ಕೊಡಬೇಕಾಗಿ ಬರಲ್ಲ ಅಂತ ಗೊತ್ತಿತ್ತು. ಫೆರರ್ಸ್‌ನನ್ನು ಸಿಪ್ಪೆನ್‌ಹ್ಯಾಮ್ ಅನ್ನುವ ಊರಿಗೆ ಕರೆದುಕೊಂಡು ಹೋದರು. ಅದು ಈಗಿನ ಸ್ಲೌ ಪಟ್ಟಣದ ಪಕ್ಕ, ಆಗ ರಾಜನ ತಮ್ಮ ರಿಚರ್ಡ್ ಆಫ್ ಕಾರ್ನ್‌ವಾಲ್‌ನ ಜಮೀನು. ಅಲ್ಲಿ ಚಾನ್ಸಲರ್ ಜಾನ್ ಚಿಶಲ್ ಎದುರಿಗೆ ಇನ್ನೊಂದು ಪತ್ರ ಆಯಿತು. ನಾನು ಹಣ ಕಟ್ಟದಿದ್ದರೆ ನನ್ನ ಜಮೀನೆಲ್ಲ ಈ ಜಾಮೀನುದಾರರ ವಶ ಅಂತ. ಗಡುವು ಮುಗಿದರೆ ಜಮೀನು ಜಾಮೀನುದಾರರಿಗೆ, ಜಾಮೀನುದಾರರಿಂದ ಎಡ್ಮಂಡನಿಗೆ. ಎಲ್ಲ ಲೆಕ್ಕ ಚುಕ್ತಾ. ಹೊರಗಿನಿಂದ ನೋಡಿದರೆ ಸಾಲ, ಹೊಣೆ, ಒತ್ತೆ, ಎಲ್ಲವೂ ಕ್ರಮಬದ್ಧ. ಒಳಗೆ ಅದು ಕ್ರಯಪತ್ರ, ಬೆಲೆ ಇಲ್ಲದ ಕ್ರಯಪತ್ರ.

ಚಾನ್ಸಲರ್ ಅಂದರೆ ರಾಜಮುದ್ರೆ ಕಾಯುವವನು. ಅವನ ಎದುರು ಆದ ಪತ್ರಕ್ಕೆ ಸರ್ಕಾರದ ದಾಖಲೆಯ ತೂಕ ಬರುತ್ತದೆ. ಅವನನ್ನು ಅಲ್ಲಿ ಕೂರಿಸಿದ್ದು ಸುಮ್ನೆ ಅಲ್ಲ.

ಮೇ ತಿಂಗಳ ಕೊನೆಯವರೆಗೂ ಅವನು ರಿಚರ್ಡ್‌ನ ವಾಲಿಂಗ್‌ಫರ್ಡ್ ಕೋಟೆಯ ಕಾವಲಿನಲ್ಲೇ ಇದ್ದ. ಅಂದರೆ 69 ದಿನದಲ್ಲಿ ಸುಮಾರು ಮೂವತ್ತು ಅಲ್ಲೇ ಹೋದವು. ಹೊರಬಂದ ಮೇಲೆ, ಜೂನ್ 26ರಂದು, ಮದುವೆಯಾದ. ಮೊದಲ ಹೆಂಡತಿ ಮೇರಿ ಅಷ್ಟರಲ್ಲಿ ತೀರಿಕೊಂಡಿದ್ದಳು. ಹೊಸ ಹೆಂಡತಿ ಎಲಿನರ್ ಡಿ ಬೋಹನ್. ಅವಳ ಅಪ್ಪ ಈವ್‌ಶಾಮ್‌ನಲ್ಲಿ ಮಾಂಟ್‌ಫರ್ಟ್ ಕಡೆ ಕಾದಾಡಿ, ಸಿಕ್ಕಿಬಿದ್ದು, ಸೆರೆಯಲ್ಲೇ ಸತ್ತಿದ್ದ. ಗಡುವಿಗೆ ಹದಿಮೂರು ದಿನ ಉಳಿದಿರುವಾಗ ಆ ಹೆಣ್ಣುಮಗಳು ಈ ಮನೆಗೆ ಬಂದಳು. ಯಾವ ಧೈರ್ಯದ ಮೇಲೆ ಬಂದಳೋ, ಅವಳ ಕಡೆಯವರು ಏನು ಯೋಚಿಸಿದರೋ ಅಂತ ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಜುಲೈ 9 ಬಂತು, ಹೋಯಿತು. ಜಮೀನು ಎಡ್ಮಂಡನದಾಯಿತು.

ಐದು ವರ್ಷ ಫೆರರ್ಸ್ ಕೈಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. 1272ರಲ್ಲಿ ರಾಜ ಹೆನ್ರಿ ತೀರಿಕೊಂಡ. ಎಡ್ವರ್ಡ್ ಕ್ರೈಸ್ತರ ಧರ್ಮಯುದ್ಧಕ್ಕೆ (ಕ್ರುಸೇಡ್) ಹೋದವನು ಇನ್ನೂ ವಾಪಸ್ ಬಂದಿರಲಿಲ್ಲ. ಆ ಸಂದಿಯಲ್ಲಿ, 1273ರಲ್ಲಿ, ಫೆರರ್ಸ್ ಸ್ಟಾಫರ್ಡ್‌ಶೈರ್‌ನ ಚಾರ್ಟ್ಲಿ ಕೋಟೆಗೆ ನುಗ್ಗಿ ಹಿಡಿದುಕೊಂಡ. ಬೇಗನೇ ಹೊರಗೆ ಹಾಕಿದರು. ಕತ್ತಿಯಿಂದ ಆಗಲ್ಲ ಅಂತ ಅವನಿಗೆ ಕೊನೆಗೂ ಅರ್ಥವಾಯಿತು ಅನ್ನಿಸುತ್ತದೆ. 1274ರಲ್ಲಿ ಎಡ್ವರ್ಡ್ ಬಂದು ಕಿರೀಟ ಇಟ್ಟುಕೊಂಡ ಮೇಲೆ, ಫೆರರ್ಸ್ ರಾಜನ ನ್ಯಾಯಾಲಯಕ್ಕೆ ಹೋದ. ರಾಜನ ಖಾಸಾ ತಮ್ಮನ ಮೇಲೆ ರಾಜನ ನ್ಯಾಯಾಲಯದಲ್ಲಿ ದಾವೆ!

ಅವನ ವಾದ ನೇರವಾಗಿತ್ತು. ಕೆನಿಲ್‌ವರ್ತ್ ತೀರ್ಮಾನ ನೆಲದ ಕಾನೂನು. ಅದರ ಪ್ರಕಾರ ನಾನು ಏಳು ಪಟ್ಟು ಕೊಟ್ಟು ಜಮೀನು ಬಿಡಿಸಿಕೊಳ್ಳಬಹುದು. ಕೊಡಲು ಸಿದ್ಧ. ಜಮೀನು ಬಿಟ್ಟುಕೊಡಿ.

ಎಡ್ಮಂಡನ ಕಡೆಯವರು ಕೆನಿಲ್‌ವರ್ತ್ ವಿಷಯಕ್ಕೆ ಹೋಗಲೇ ಇಲ್ಲ ಅನ್ನಬಹುದು. ಪತ್ರ ತೆಗೆದು ಮುಂದಿಟ್ಟರು. ಇವನೇ ಒಪ್ಪಿ ಬರೆದುಕೊಟ್ಟಿದ್ದಾನೆ, ಗಡುವು ಮೀರಿದೆ, ಮುಗಿಯಿತು. ಫೆರರ್ಸ್ ಹೇಳಿದ, ಅದನ್ನು ಬರೆದುಕೊಟ್ಟಾಗ ನಾನು ಬಂಧನದಲ್ಲಿದ್ದೆ, ಹೆದರಿ ಬರೆದುಕೊಟ್ಟೆ, ಅದು ನನ್ನ ಒಪ್ಪಿಗೆ ಅಲ್ಲ. ಬಲವಂತದ ಪತ್ರ ನಿಲ್ಲುವುದಿಲ್ಲ ಅನ್ನುವ ಮಾತು ಆ ಕಾಲದ ಇಂಗ್ಲಿಷ್ ಕಾನೂನಿಗೆ ಹೊಸದೇನೂ ಅಲ್ಲ. ಆದರೂ 1276ರ ಹೊತ್ತಿಗೆ ನ್ಯಾಯಾಲಯ ಅವನ ದಾವೆ ವಜಾ ಮಾಡಿತು. ಕಾರಣ, ಪತ್ರ ಆಗಿದ್ದು ಚಾನ್ಸಲರ್ ಎದುರಿಗೆ. ಅಂಥ ಪತ್ರವನ್ನು ಬಲವಂತ ಅಂತ ಹೇಗೆ ಹೇಳುವುದು? ಸಿಪ್ಪೆನ್‌ಹ್ಯಾಮ್‌ನಲ್ಲಿ ಆ ಕುರ್ಚಿ ಹಾಕಿದ್ದು ಈ ದಿನಕ್ಕಾಗಿಯೇ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ದೇಶದ 1872ರ ಕರಾರು ಕಾಯ್ದೆ ಇಂಗ್ಲಿಷ್ ಕಾನೂನಿನ ಬೇರಿನಿಂದಲೇ ಬಂದದ್ದು. ಅದರ 15 ಮತ್ತು 19ನೇ ಕಲಂ ಪ್ರಕಾರ ಬಲವಂತದಿಂದ ಪಡೆದ ಒಪ್ಪಿಗೆಯ ಕರಾರನ್ನು, ಬಲವಂತಕ್ಕೆ ಸಿಕ್ಕವನು ಬೇಕಾದರೆ ರದ್ದು ಮಾಡಿಸಬಹುದು. 74ನೇ ಕಲಂ ಪ್ರಕಾರ ಕರಾರು ಮುರಿದವನಿಗೆ ಎಷ್ಟು ದೊಡ್ಡ ದಂಡ ಬರೆದಿದ್ದರೂ ನ್ಯಾಯಾಲಯ ಕೊಡಿಸುವುದು ನ್ಯಾಯವಾದ ಪರಿಹಾರ ಮಾತ್ರ, ಅದೂ ಬರೆದ ಮೊತ್ತದ ಒಳಗೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಇವತ್ತು ಒಬ್ಬ ವಕೀಲರು ಈ ಕಲಂಗಳನ್ನು ಓದುವಾಗ, ಅದರ ಹಿಂದೆ ಫೆರರ್ಸ್‌ನಂಥ ಎಷ್ಟೋ ಜನ ಸೋತ ದಾವೆಗಳ ನೆನಪಿದೆ. 10,500ರ ಜಾಗಕ್ಕೆ 50,000 ಬರೆಸಿಕೊಂಡದ್ದು ಯಾವ ಲೆಕ್ಕಕ್ಕೂ ಕೂರದ ದಂಡ, ಅಲ್ವಾ?

ಫೆರರ್ಸ್‌ಗೆ ಕೊನೆಗೆ ಸಿಕ್ಕಿದ್ದು ಸ್ವಲ್ಪ. ಡರ್ಬಿಶೈರ್‌ನ ಹಾಲ್‌ಬ್ರೂಕ್ ಅನ್ನುವ ಹಳ್ಳಿ, ಆಮೇಲೆ 1275ರಲ್ಲಿ ಚಾರ್ಟ್ಲಿಯ ಜಮೀನು. ಎರಡೂ ಬೇರೆ ಬೇರೆ ದಾವೆ ಹಾಕಿ ಗೆದ್ದದ್ದು. ಅರ್ಲ್ ಪದವಿ ಮತ್ತೆ ಬರಲಿಲ್ಲ. 1279ರಲ್ಲಿ ತೀರಿಕೊಂಡ, ನಲವತ್ತರ ಆಸುಪಾಸಿನಲ್ಲಿ.

ತಪ್ಪು ಮಾಡಿದವನ ಕಥೆ ಇಲ್ಲಿಗೆ ಮುಗಿಯಿತು. ತಪ್ಪು ಮಾಡದವರ ಕಥೆ ಮುಗಿಯಲಿಲ್ಲ.

ಎಲಿನರ್‌ಗೆ ಈಗ ವಿಧವೆಯ ಮೂರನೇ ಒಂದು ಪಾಲು ಬರಬೇಕು. ಆದರೆ ಆ ಪಾಲು ಸಿಗುವುದು ಮದುವೆಯಾದ ದಿನದಿಂದ ಗಂಡನ ಸ್ವಾಧೀನದಲ್ಲಿ ಎಂದಾದರೂ ಇದ್ದ ಜಮೀನಿನಲ್ಲಿ. ಟಟ್‌ಬರಿ 1266ರಿಂದ ಎಡ್ಮಂಡನ ಕೈಯಲ್ಲಿ, ಮದುವೆ 1269ರಲ್ಲಿ. ಕಾನೂನಿನ ನೂಲಿನ ಮೇಲೆ ನಿಂತ ವಾದ. ಆದರೂ ಆಕೆ ಟಟ್‌ಬರಿಯ ಮೂರನೇ ಒಂದು ಪಾಲು ತನ್ನದು ಅಂತ ಎಡ್ಮಂಡನ ಮೇಲೆ ದಾವೆ ಹೂಡಿದಳು. ಕೊನೆಗೆ ರಾಜಿಯಾಯಿತು, ಹಂಟಿಂಗ್ಡನ್‌ಶೈರ್‌ನ ಗಾಡ್‌ಮ್ಯಾಂಚೆಸ್ಟರ್ ಜಮೀನು ಅವಳ ಪಾಲಿಗೆ ಬಂತು. ಗಂಡ ಅರ್ಲ್ ಆಗಿದ್ದುಕೊಂಡು ಉಳಿಸಿಕೊಳ್ಳಲಾಗದ್ದನ್ನು, ಏನೂ ಇಲ್ಲದ ವಿಧವೆ ಸ್ವಲ್ಪವಾದರೂ ಹಿಂದಕ್ಕೆ ಪಡೆದಳು. ಅವಳ ಬಗ್ಗೆ ನನಗೆ ಬಹಳ ಗೌರವ. 1314ರವರೆಗೆ ಬದುಕಿದ್ದಳು.

ಅತ್ತೆ ಮಾರ್ಗರೆಟ್ ವಿಷಯ ಬೇರೆ. ಗಂಡನಿಂದ ಬಂದ ಪಾಲು ಅವಳ ಜೀವ ಇರುವ ತನಕ ಮಾತ್ರ. ಆದರೆ ಲೆಸ್ಟರ್‌ಶೈರ್‌ನ ಗ್ರೋಬಿ ಅವಳ ತವರಿನಿಂದ ಬಂದ ಆಸ್ತಿ. ಅದನ್ನು ಆಕೆ ಕಿರಿಯ ಮಗ ವಿಲಿಯಂಗೆ ಕೊಟ್ಟಳು. ರಾಬರ್ಟ್ ಬರೆದುಕೊಟ್ಟ ಯಾವ ಪತ್ರವೂ ಅದನ್ನು ಮುಟ್ಟಲಾಗಲಿಲ್ಲ, ಯಾಕಂದರೆ ಅದು ರಾಬರ್ಟ್‌ನದಾಗಿರಲೇ ಇಲ್ಲ. ಗ್ರೋಬಿಯ ಫೆರರ್ಸ್ ಅನ್ನುವ ಶಾಖೆ ಅಲ್ಲಿಂದ ಬೆಳೆಯಿತು. ಒಂದೇ ಮನೆಯಲ್ಲಿ ಅಪ್ಪನ ಕಡೆಯ ಆಸ್ತಿ ಮುಳುಗಿತು, ಅಮ್ಮನ ಕಡೆಯದು ತೇಲಿತು.

ಮಗ ಜಾನ್ ಹುಟ್ಟಿದ್ದು 1271ರ ಜೂನ್ 20ರಂದು, ಕಾರ್ಡಿಫ್‌ನಲ್ಲಿ. ಅಪ್ಪ ಸತ್ತಾಗ ಎಂಟರ ಆಸುಪಾಸು. ದಂಗೆ ಮುಗಿದು ನಾಲ್ಕು ವರ್ಷದ ಮೇಲೆ ಹುಟ್ಟಿದವನು ಅವನು, ಮುಚ್ಚಳಿಕೆ ಆಗಿ ಎರಡು ವರ್ಷದ ಮೇಲೆ. ದೊಡ್ಡವನಾದ ಮೇಲೆ, 1297ರಲ್ಲಿ ರಾಜ ಎಡ್ವರ್ಡ್ ತೆರಿಗೆ ಹೇರಿದಾಗ ಎದುರು ನಿಂತವರಲ್ಲಿ ಮುಂದಿದ್ದವರು ಸೋದರಮಾವ ಹಂಫ್ರಿ ಡಿ ಬೋಹನ್ ಮತ್ತು ರೋಜರ್ ಬೈಗಾಡ್. ಜಾನ್ ಅವರ ಜೊತೆಗಿದ್ದ. ಆಮೇಲೆ ರಾಜ ಕೊಟ್ಟ ಕ್ಷಮೆಯಲ್ಲಿ ಆ ಇಬ್ಬರು ಅರ್ಲ್‌ಗಳ ಜೊತೆ ಹೆಸರು ಹಿಡಿದು ಬರೆದದ್ದು ಇವನನ್ನೇ. 1301ರಲ್ಲಿ ಅಪ್ಪನ ಆಸ್ತಿಗಾಗಿ ಪೋಪ್‌ವರೆಗೂ ಹೋದ, ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ವಿಂಚೆಲ್ಸಿ ಮುಂದೆ ವಿಷಯ ಬರಲಿ ಅಂತ. ರಾಜನ ಕಡೆಯಿಂದ ತಡೆ ಬಂತು. ಜಮೀನಿನ ವ್ಯಾಜ್ಯ ರಾಜನ ನ್ಯಾಯಾಲಯದ್ದು, ಚರ್ಚಿನದ್ದಲ್ಲ. ರಾಜನ ನ್ಯಾಯಾಲಯ ಅಪ್ಪನಿಗೆ ಇಲ್ಲ ಅಂದಾಗಿತ್ತು. ಜಾನ್ 1312ರಲ್ಲಿ ಫ್ರಾನ್ಸಿನ ಗ್ಯಾಸ್ಕನಿಯಲ್ಲಿ, ಇಂಗ್ಲೆಂಡ್ ರಾಜನ ಅಧಿಕಾರಿಯಾಗಿದ್ದಾಗಲೇ ಸತ್ತ. ಅವನ ತಾಯಿ ಅವನಿಗಿಂತ ಎರಡು ವರ್ಷ ಜಾಸ್ತಿ ಬದುಕಿದಳು.

ಈ ಪ್ರಕರಣದ ನಿಜವಾದ ಅಳತೆ ಸಿಗಬೇಕಾದರೆ ಅದೇ ಟಟ್‌ಬರಿಯಲ್ಲಿ ಮುಂದೆ ನಡೆದದ್ದನ್ನು ಪಕ್ಕದಲ್ಲಿಟ್ಟು ನೋಡಬೇಕು. ಎಡ್ಮಂಡನ ಮಗ ಥಾಮಸ್, ಲ್ಯಾಂಕಾಸ್ಟರ್‌ನ ಅರ್ಲ್, ರಾಜ 2ನೇ ಎಡ್ವರ್ಡ್ ಮೇಲೆ ದಂಗೆ ಎದ್ದ. 1322ರ ಮಾರ್ಚ್‌ನಲ್ಲಿ ರಾಜನ ಸೈನ್ಯ ಬಂದಾಗ ಟಟ್‌ಬರಿ ಬಿಟ್ಟು ಓಡಿದ. ಆ ಗಡಿಬಿಡಿಯಲ್ಲಿ ಅವನ ಖಜಾನೆ ಡವ್ ನದಿಯ ಪಾಲಾಯಿತು ಅಂತ ನಂಬುತ್ತಾರೆ. 1831ರಲ್ಲಿ ನದಿಯಲ್ಲಿ ಕೆಲಸ ಮಾಡುತ್ತಿದ್ದವರಿಗೆ ಕೆಸರಿನಿಂದ ರಾಶಿ ರಾಶಿ ಬೆಳ್ಳಿ ಪೆನ್ನಿ ಸಿಕ್ಕವು. ಥಾಮಸ್ ಬರೋಬ್ರಿಜ್‌ನಲ್ಲಿ ಸೋತು ಸಿಕ್ಕಿಬಿದ್ದ. ಮಾರ್ಚ್ 22ರಂದು ಪಾಂಟಿಫ್ರಾಕ್ಟ್‌ನಲ್ಲಿ ಅವನ ತಲೆ ಕಡಿದರು, ಆಸ್ತಿ ಜಪ್ತಿಯಾಯಿತು.

ಫೆರರ್ಸ್‌ಗಿಂತ ದೊಡ್ಡ ಶಿಕ್ಷೆ ಇದು. ಆದರೂ ಐದೇ ವರ್ಷದಲ್ಲಿ, 1327ರಲ್ಲಿ, ರಾಜ ಬದಲಾದ ಮೇಲೆ, ಥಾಮಸ್ ಮೇಲಿನ ತೀರ್ಪು ತಪ್ಪು ಅಂತ ಪಾರ್ಲಿಮೆಂಟ್ ರದ್ದು ಮಾಡಿತು. ಅವನ ತಮ್ಮ ಹೆನ್ರಿಗೆ ಆಸ್ತಿಯ ಬಹುಪಾಲು ನಿಧಾನವಾಗಿ ವಾಪಸ್ ಬಂತು. ತಲೆ ಹೋದವನ ಮನೆಗೆ ಜಮೀನು ಬಂತು, ಹಾಸಿಗೆಯಲ್ಲಿ ಸತ್ತವನ ಮನೆಗೆ ಬರಲಿಲ್ಲ. ಯಾಕಂದರೆ ಥಾಮಸ್ ಮೇಲೆ ಇದ್ದದ್ದು ತೀರ್ಪು, ತೀರ್ಪನ್ನು ರದ್ದು ಮಾಡಬಹುದು. ಫೆರರ್ಸ್ ಮೇಲೆ ರದ್ದು ಮಾಡುವಂಥ ತೀರ್ಪೇ ಇರಲಿಲ್ಲ. ಇದ್ದದ್ದು ಅವನದೇ ಒಪ್ಪಿಗೆಯ ಪತ್ರ. ಆ ಪತ್ರ ಬರೆಸಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅಂತಲೇ ನಾನು ನಂಬುತ್ತೇನೆ. ದಂಗೆಯ ಶಿಕ್ಷೆ ಅಂತ ಹಿಡಿದುಕೊಂಡ ಜಮೀನು ಇನ್ನೊಬ್ಬ ರಾಜ ಬಂದರೆ ಜಾರಿಹೋಗಬಹುದಿತ್ತು, ಸಾಲ ತೀರಿಸದ್ದಕ್ಕೆ ಬಂದ ಜಮೀನು ಜಾರುವುದಿಲ್ಲ.

ಎಡ್ಮಂಡನ ವಂಶದ ಆಸ್ತಿ 1351ರಲ್ಲಿ ಲ್ಯಾಂಕಾಸ್ಟರ್ ಡಚಿ, ಅಂದರೆ ಡ್ಯೂಕ್ ಪದವಿಯ ಆಸ್ತಿ, ಆಯಿತು. 1399ರಲ್ಲಿ ಆ ವಂಶದ 4ನೇ ಹೆನ್ರಿ ರಾಜನಾದಾಗ, ಡಚಿ ರಾಜ್ಯದ ಆಸ್ತಿಯ ಜೊತೆ ಸೇರಬಾರದು, ಬೇರೆಯಾಗಿಯೇ ಇರಬೇಕು ಅಂತ ಬರೆಸಿಟ್ಟ. ಇವತ್ತಿಗೂ ಅದು ಹಾಗೇ ಇದೆ, ಅದರ ಆದಾಯ ಬ್ರಿಟನ್ನಿನ ರಾಜನಿಗೆ ಹೋಗುತ್ತದೆ. ಟಟ್‌ಬರಿ ಕೋಟೆಯ ಮುರಿದ ಗೋಡೆಗಳು ಈಗಲೂ ಡಚಿಯ ಆಸ್ತಿ. ಅದರ ಮೂಲಪತ್ರ ಹುಡುಕುತ್ತಾ ಹಿಂದೆ ಹಿಂದೆ ಹೋದರೆ, ಸಿಪ್ಪೆನ್‌ಹ್ಯಾಮ್‌ನಲ್ಲಿ ಕಾವಲಿನವರ ನಡುವೆ ಕೂತು ಮುದ್ರೆ ಒತ್ತುತ್ತಿರುವ ಮೂವತ್ತು ವರ್ಷದ ಒಬ್ಬ ಕೈದಿ ಸಿಗುತ್ತಾನೆ.